ಗದಗಿನ ಮೇಡಂ ಅವರ ಎಸ್ಟೋನಿಯಾ

ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ದುಃಖವಾಗಲಿಲ್ಲ. ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಿಂದ ಸಿಟಿಗೆ ಹೋಗುವ ಫ್ರೀವೇಯಲ್ಲಿ ಬೆಳಗಿನ ಕಾರುಗಳು ತೆವಳುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಫೋನಿನಲ್ಲಿ ಯಾರದೋ ಮಾತು ಕೇಳಿಸಿಕೊಂಡು, "ರೀ, ನಿಮ್ಮ ಗದಗಿನ ಮೇಡಂ ಹೋಗ್ಬಿಟ್ರಂತೆ. ನಿನ್ನೆ ಸಂಜೆ. ಹಾರ್ಟ್ ಅಟ್ಯಾಕ್ ಅಂತೆ" ಎಂದಳು. ಆಗ ನನ್ನೊಳಗೆ ಮೊದಲು ಬಂದ ಮಾತು 'ಅಯ್ಯೋ ಪಾಪ' ಅಲ್ಲ. 'ಸದ್ಯ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ' ಎನ್ನುವುದು. ಆಮೇಲೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೆ ದುಃಖವೂ ಬಂತು, ಆದರೆ ಸರದಿಯಲ್ಲಿ ಅದು ಮೂರನೆಯದು.

ಗೊತ್ತಾಗಬಾರದ್ದು ಇಷ್ಟು. ನನ್ನನ್ನು ಡಾಕ್ಟರ್ ಮಾಡಿದ ಪಿಎಚ್‌ಡಿ ಪ್ರಬಂಧದಲ್ಲಿ ಆರು ಅಧ್ಯಾಯಗಳಿವೆ. ನಾಲ್ಕನೆಯದನ್ನು ಬಿಟ್ಟು ಉಳಿದ ಐದನ್ನು ಓದಿದವರೆಲ್ಲ 'ತುಂಬಾ ಶ್ರಮಪಟ್ಟಿದ್ದೀರಿ' ಎಂದಿದ್ದಾರೆ. ನಾಲ್ಕನೆಯದನ್ನು ಓದಿದವರು ಮಾತ್ರ 'ಇದು ನಿಮಗೆ ಹೇಗೆ ಹೊಳೆಯಿತು?' ಎಂದು ಕೇಳಿದ್ದಾರೆ. ಅದು ನನಗೆ ಹೊಳೆದದ್ದಲ್ಲ, ಅವರಿಗೆ ಹೊಳೆದದ್ದು. ಈ ಮಾತನ್ನು ನಾನು ಇವತ್ತಿನವರೆಗೆ ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಹೆಂಡತಿಗೂ ನಾನಾಗಿ ಹೇಳಿದ್ದಲ್ಲ, ಅವಳೇ ಕಂಡುಹಿಡಿದದ್ದು.

ನಾನು ತುಮಕೂರಿನವನು. ಮೈಸೂರಿನಲ್ಲಿ ಇತಿಹಾಸದ ಎಂಎ, ಚಿನ್ನದ ಪದಕ. ಎರಡು ಸಾವಿರದ ಮೂರರಲ್ಲಿ ಸಿಡ್ನಿಯ ಒಂದು ವಿಶ್ವವಿದ್ಯಾಲಯಕ್ಕೆ ಬಂದೆ. ಸ್ಕಾಲರ್‌ಶಿಪ್ಪಿನ ಜೊತೆ ವಿಷಯವೂ ಅಂಟಿಕೊಂಡೇ ಬಂದಿತ್ತು: ಎಸ್ಟೋನಿಯಾ ಎಂಬ ಪುಟ್ಟ ದೇಶದ ವಿದೇಶ ಸಂಬಂಧಗಳ ಇತಿಹಾಸ. ನನ್ನ ಗೈಡ್ ಸಣ್ಣ ದೇಶಗಳ ಮೇಲೆಯೇ ಬದುಕು ಸವೆಸಿದ ಆಸ್ಟ್ರೇಲಿಯನ್ ಹೆಂಗಸು. ಅವರಿಗೆ ಎಸ್ಟೋನಿಯಾಕ್ಕೆ ಒಬ್ಬ ಆಳು ಬೇಕಿತ್ತು, ನನಗೆ ವೀಸಾ ಬೇಕಿತ್ತು. ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತಾಗ ಐಟಿ ಗೆಳೆಯರು, "ಏನ್ ಗುರು, ಎಸ್ಟೋನಿಯಾನಾ? ಅದು ದೇಶನಾ, ಮಾತ್ರೆನಾ?" ಎಂದು ನಗುತ್ತಿದ್ದರು. ನಾನು ಬಿಗಿಯಾಗಿ ವಿವರಿಸುತ್ತಿದ್ದೆ. ರಷ್ಯಾದ ಮಗ್ಗುಲಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ದೇಶ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಸ್ವತಂತ್ರವಾಯಿತು. ರಷ್ಯಾದವರೇ ಒಪ್ಪಂದಕ್ಕೆ ಸಹಿ ಹಾಕಿ ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು. ಇಪ್ಪತ್ತು ವರ್ಷ ಕಳೆಯುತ್ತಲೇ ಅವರೇ ಬಂದು ನುಂಗಿದರು. ಆಮೇಲೆ ಐವತ್ತು ವರ್ಷ ಆ ದೇಶ ಭೂಪಟದಲ್ಲಿ ಇರಲಿಲ್ಲ, ಆದರೆ ಕಾನೂನಿನಲ್ಲಿ ಇತ್ತು. ಯಾಕೆಂದರೆ ಅಮೆರಿಕ, ಬ್ರಿಟನ್ ಮುಂತಾದವು ಹಾಗೆ ನುಂಗಿದ್ದು ಕಾನೂನುಬದ್ಧ ಎಂದು ಒಪ್ಪಲೇ ಇಲ್ಲ. ನಾನು ಇಷ್ಟು ಹೇಳುವಷ್ಟರಲ್ಲಿ ಗೆಳೆಯರು ಬಿಸಿಬೇಳೆಬಾತಿನ ಪಾತ್ರೆಯ ಹತ್ತಿರ ತಲುಪಿರುತ್ತಿದ್ದರು.

ಗದಗಿನ ಮೇಡಂ ನಮ್ಮ ವಿಭಾಗದ ಕಚೇರಿಯಲ್ಲಿ ಅರ್ಜಿಗಳನ್ನು ನೋಡಿಕೊಳ್ಳುತ್ತಿದ್ದರು. ವಯಸ್ಸು ನಲವತ್ತರ ಹತ್ತಿರ. ಕುಳ್ಳಗೆ, ದುಂಡಗೆ, ಉದ್ದ ಕುರ್ತಾದ ಮೇಲೆ ಒಂದು ಬೂದು ಸ್ವೆಟರು, ಹಣೆಯಲ್ಲಿ ಇದೆಯೋ ಇಲ್ಲವೋ ಎನ್ನುವಂಥ ವಿಭೂತಿ. ಗದಗಿನ ಕಡೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು, ಗಂಡನ ಸ್ಕಿಲ್ಡ್ ವೀಸಾದ ಮೇಲೆ ಮಗಳನ್ನು ಕರೆದುಕೊಂಡು ಬಂದಿದ್ದರು. ಓದಿದ್ದು ಬಿಕಾಂ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ ಆ ದಿನಗಳಲ್ಲಿ ನಾನು ಇದನ್ನು ದಿನಕ್ಕೊಮ್ಮೆಯಾದರೂ ನೆನಪಿಸಿಕೊಳ್ಳುತ್ತಿದ್ದೆ.

ನಾನು ಸೇರಿದ ದಿನ ತುಂಬಿಸಿ ಕೊಟ್ಟ ಅರ್ಜಿಯನ್ನು ಅವರು ಕೆಳಗಿನಿಂದ ಮೇಲಕ್ಕೆ ಓದಿದರು. ಮೊದಲು ಸಹಿ, ಆಮೇಲೆ ತಾರೀಖು, ಆಮೇಲೆ ಒಂದೊಂದೇ ಸಾಲು. ಪ್ರತಿ ಸಾಲಿನ ಕೆಳಗೆ ಮರದ ಅಡಿಪಟ್ಟಿ ಇಟ್ಟು ಅದನ್ನು ಮೇಲಕ್ಕೆ ಸರಿಸುತ್ತಿದ್ದರು. ಮೇಲಿನಿಂದ ಓದಿದರೆ ಮನುಷ್ಯ ಏನು ಹೇಳಬೇಕೆಂದಿದ್ದಾನೋ ಅದು ಕಾಣುತ್ತದೆ, ಕೆಳಗಿನಿಂದ ಓದಿದರೆ ಏನು ಬಿಟ್ಟಿದ್ದಾನೋ ಅದು ಕಾಣುತ್ತದೆ ಎಂದು ಅವರ ಲೆಕ್ಕ. ಊರಿನ ಹೆಸರಿನ ಹತ್ತಿರ ಪಟ್ಟಿ ನಿಂತಿತು.

"ತುಮಕೂರೇನ್ರಿ? ಕನ್ನಡದೋರು! ಮತ್ತ ಈ ಕಾಲಮ್ ಯಾಕ ಖಾಲಿ ಬಿಟ್ಟೀರಿ?"

"ಅದು ನನಗೆ ಅನ್ವಯಿಸಲ್ಲ ಮೇಡಂ."

"ಅನ್ವಯ ಆಗೂದಿಲ್ಲಂದ್ರ ಆಗೂದಿಲ್ಲಂತ ಬರೀರಿ. ಖಾಲಿ ಬಿಡಬ್ಯಾಡ್ರಿ, ಡಾಕ್ಟರ್ ಸಾಹೇಬ್ರ. ನೀವು ಬಿಟ್ಟ ಜಾಗಾದಾಗ ಬ್ಯಾರೇದವ್ರು ಬರೀತಾರ."

ನಾನು ಡಾಕ್ಟರ್ ಆಗಲು ಇನ್ನೂ ನಾಲ್ಕು ವರ್ಷ ಇತ್ತು. ಅವರು ಮೊದಲ ದಿನದಿಂದಲೂ ಹಾಗೇ ಕರೆದರು. ಗೇಲಿಯೋ ಗೌರವವೋ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗೇಲಿ ಎಂದೇ ನಾನು ಇಟ್ಟುಕೊಂಡೆ.

ಸಿಡ್ನಿಯ ಕನ್ನಡದವರಲ್ಲಿ ಅವರಿಗೆ 'ಫಾರ್ಮ್ ಆಂಟಿ' ಎಂಬ ಹೆಸರು ಬಂದದ್ದರಲ್ಲಿ ನನ್ನ ಪಾಲೂ ಇದೆ. ನಮ್ಮ ಫ್ಲ್ಯಾಟಿನ ಕೆಳಮನೆಯಲ್ಲಿ ದಾವಣಗೆರೆಯ ಹುಡುಗನೊಬ್ಬನಿದ್ದ. ಮದುವೆಯಾಗಿ ಮೂರು ತಿಂಗಳು, ಇಲ್ಲೇ ಕಾಯಂ ನೆಲೆಸಲು ಪಿಆರ್ ಅರ್ಜಿ ತುಂಬುತ್ತಿದ್ದ. ಅದರಲ್ಲಿ ಸಂಗಾತಿಯ ಬಗ್ಗೆ ಎರಡು ಚೌಕಗಳು: 'ಮ್ಯಾರೀಡ್', 'ಡಿ ಫ್ಯಾಕ್ಟೋ'. ಎರಡನೆಯದರ ಅರ್ಥ ಕೇಳಲು ನನ್ನ ಹತ್ತಿರ ಬಂದ. ಅರ್ಜಿ ಯಾವುದೆಂದು ನಾನು ಕೇಳಲಿಲ್ಲ. ನನ್ನ ಪ್ರಬಂಧದ ಪ್ರಾಣವೇ ಆ ಪದ ಆಗಿದ್ದರಿಂದ ಅರ್ಧ ಗಂಟೆ ಪಾಠ ಮಾಡಿದೆ. ಡಿ ಯೂರೇ ಎಂದರೆ ಬರೀ ಕಾಗದದ ಮೇಲೆ, ಡಿ ಫ್ಯಾಕ್ಟೋ ಎಂದರೆ ವಾಸ್ತವದಲ್ಲಿ, ನಿಜವಾಗಿಯೂ ಎಂದೆ. ಅವನು ಖುಷಿಯಿಂದ ಹೋಗಿ, ತನ್ನದು ನಿಜವಾದ ಹೆಂಡತಿಯೇ ತಾನೇ ಎಂದು, ಡಿ ಫ್ಯಾಕ್ಟೋ ಚೌಕಕ್ಕೆ ಗುರುತು ಹಾಕಿದ. ಈ ದೇಶದಲ್ಲಿ ಆ ಪದಕ್ಕೆ ಮದುವೆಯಾಗದೆ ಜೊತೆಗಿರುವವರು ಎಂದು ಅರ್ಥ. ಹನ್ನೆರಡು ತಿಂಗಳು ಒಟ್ಟಿಗೆ ಬಾಳಿದ್ದಕ್ಕೆ ಪುರಾವೆ ಕೊಡಿ ಎಂದು ಪತ್ರ ಬಂತು. "ನಮ್ಮಪ್ಪ ಸಾವಿರ ಜನ ಕರೆದು ಮದುವೆ ಮಾಡಿಕೊಟ್ಟಿದ್ದಾರೆ, ಇವರೇನು ಹೀಗೆ ಬರೆದಿದ್ದಾರೆ!" ಎಂದು ಆ ಹುಡುಗಿ ಅತ್ತಳು.

ಗದಗಿನ ಮೇಡಂ ಊಟದ ಬಿಡುವಿನಲ್ಲಿ ಒಂದು ಪುಟದ ಪತ್ರ ಬರೆದು, ಮದುವೆಯ ಸರ್ಟಿಫಿಕೇಟು ಲಗತ್ತಿಸಿ ಎಲ್ಲವನ್ನೂ ಸರಿ ಮಾಡಿಸಿದರು. ಯುಗಾದಿಯ ಹೊತ್ತಿಗೆ ಈ ಕಥೆ ಎಲ್ಲ ಸಬರ್ಬ್‌ಗಳಿಗೂ ತಲುಪಿತ್ತು. ಅವರನ್ನು ಜನ ತಲೆಯ ಮೇಲೆ ಕೂರಿಸಿಕೊಂಡರು. ನನಗೆ 'ಡಿ ಫ್ಯಾಕ್ಟೋ ಡಾಕ್ಟರ್' ಎಂದು ಹೆಸರಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ ಎಂದು ಹೇಳಿದರೆ ಕಾರಣ ಕೊಟ್ಟ ಹಾಗಾಗುತ್ತದೆ. ನಿಜ ಹೇಳಬೇಕೆಂದರೆ ನಾನು ಹುಟ್ಟಿನಿಂದಲೇ ಅಂಥವನು. ಚಿನ್ನದ ಪದಕ ಬಂದ ದಿನವೂ ಬೆಳ್ಳಿ ಪದಕದವನಿಗೆ ಬಿದ್ದ ಚಪ್ಪಾಳೆಯನ್ನೇ ಕೇಳಿಸಿಕೊಳ್ಳುತ್ತಾ ಕೂತಿದ್ದೆ.

ಆಗ ಮೇಡಂ ಅವರ ಮನೆ ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿತ್ತು. ಈಗಿನ ಹಾಗೆ ಸಾಲು ಸಾಲು ಹೊಸ ಮನೆಗಳಿರಲಿಲ್ಲ, ಸುತ್ತ ತೋಟ, ಕುದುರೆ ಕಟ್ಟಿದ ಬಯಲು. ರೆಂಟ್ ಕಡಿಮೆ ಎಂದು ಒಂದು ಹಳೇ ಮನೆ ಹಿಡಿದಿದ್ದರು. ಹಿತ್ತಲಲ್ಲಿ ಕರಿಬೇವಿನ ಗಿಡ ಹಾಕಿ, ಅದಕ್ಕೆ ಗೊಬ್ಬರ ಬೇಕೆಂದು ಬೇಲಿಯಾಚೆ ಕೋಳಿ ಸಾಕುತ್ತಿದ್ದ ಒಬ್ಬ ಮುದುಕಿಯ ಹತ್ತಿರ ಹೋದರು. ಇವರು ಮೊಟ್ಟೆ ಮುಟ್ಟುವವರಲ್ಲ. ಮೊಟ್ಟೆ ಬೇಡ, ಗೊಬ್ಬರ ಸಾಕು ಎಂದದ್ದು ಮುದುಕಿಗೆ ತಮಾಷೆಯಾಗಿ ಕಂಡಿರಬೇಕು. ಗೊಬ್ಬರಕ್ಕೆ ಬದಲಾಗಿ ಇವರು ಮುದುಕಿಯ ಪಿಂಚಣಿ ಅರ್ಜಿ ತುಂಬಿಕೊಟ್ಟರು. ಹುಟ್ಟಿದ ದೇಶದ ಕಾಲಮ್ಮಿಗೆ ಬಂದಾಗ ಮುದುಕಿ ಇವರ ಕೈಯಿಂದ ಪೆನ್ನು ಕಿತ್ತುಕೊಂಡು ತಾನೇ ಬರೆದಳಂತೆ, ದಪ್ಪ ಅಕ್ಷರದಲ್ಲಿ: ಎಸ್ಟೋನಿಯಾ.

ನಾನು ಎರಡು ವರ್ಷದಿಂದ ಸಿಡ್ನಿಯಲ್ಲಿದ್ದ ಎಸ್ಟೋನಿಯನ್ ಹಿರಿಯರ ಹಿಂದೆ ಅಲೆಯುತ್ತಿದ್ದೆ. ಕಾಗದ ಬರೆದೆ, ಫೋನ್ ಮಾಡಿದೆ. ಒಬ್ಬರೂ ಸೊಪ್ಪು ಹಾಕಿರಲಿಲ್ಲ. ಇವರಿಗೆ ಕೋಳಿ ಗೊಬ್ಬರದ ಜೊತೆ ಪುಕ್ಕಟೆಯಾಗಿ ಸಿಕ್ಕಿಬಿಟ್ಟಿತು. ಅದನ್ನೂ ಅವರು ನನಗೆ ತಕ್ಷಣ ಹೇಳಲಿಲ್ಲ. ದೊಡ್ಡ ಸಂಗತಿ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ಹೇಳಿದ್ದು ಒಂದು ಪದದ ದೆಸೆಯಿಂದ. ನನ್ನ ಮೂರನೆಯ ಅಧ್ಯಾಯದ ಪ್ರತಿ ತೆಗೆಯಲು ಅವರ ಕೈಗೆ ಕೊಟ್ಟಿದ್ದೆ. ಮಾರನೆಯ ದಿನ ಅವರು ಹಾಳೆಗಳನ್ನು ಹಿಂದಕ್ಕೆ ಕೊಟ್ಟಾಗ ನಾಲ್ಕೈದು ಕಡೆ ಪೆನ್ಸಿಲಿನ ಗೆರೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಆಸ್ಟ್ರೇಲಿಯಾ ಎಸ್ಟೋನಿಯಾದ ಜೊತೆ ರಾಜತಾಂತ್ರಿಕ ಸಂಬಂಧವನ್ನು 'ಎಸ್ಟಾಬ್ಲಿಷ್' ಮಾಡಿತು, ಸ್ಥಾಪಿಸಿತು, ಎಂದು ನಾನು ಬರೆದಿದ್ದೆ. ಆ ಪದದ ಹಿಂದೆಲ್ಲ ಅವರು ಪುಟ್ಟದಾಗಿ 'ರಿ' ಎಂದು ಸೇರಿಸಿ, ಮರುಸ್ಥಾಪಿಸಿತು ಎಂದು ಮಾಡಿದ್ದರು.

"ಇದನ್ನ ಯಾಕೆ ತಿದ್ದಿದ್ರಿ ಮೇಡಂ?" ಎಂದೆ. ದನಿ ಗಡುಸಾಗಿತ್ತು.

"ತಪ್ಪು ತಿಳೀಬ್ಯಾಡ್ರಿ. ನಮ್ಮ ಬಾಜೂ ಮನಿ ಅಜ್ಜಿ ಇದನ್ನ ನೋಡಿದ್ರ ಕೋಳಿ ಬಿಟ್ಟು ಕುಕ್ಕಸ್ತಾಳ. ಲಗ್ನ ಆದ ಹೆಣ್ಮಗಳು ತವರುಮನಿಗೆ ಹೋಗಿ ಕುಂತ್ಳು ಅನ್ರಿ. ಹತ್ತು ವರ್ಷ ಬಿಟ್ಟು ವಾಪಸ್ ಬಂದ್ರ ಮತ್ತ ಲಗ್ನ ಮಾಡ್ತಾರೇನ್ರಿ? ಸಂಬಂಧ ಮೊದಲಿಂದ ಇತ್ರಿ. ನಡುವ ನಿಂತಿತ್ತು, ಅಷ್ಟ."

ಸರಿಯಾಗಿತ್ತು. ಎಸ್ಟೋನಿಯಾದವರು ಇಡೀ ಐವತ್ತು ವರ್ಷ ಹಿಡಿದುಕೊಂಡು ಕೂತ ವಾದವೇ ಅದು: ನಮ್ಮ ದೇಶ ಹೊಸದಾಗಿ ಹುಟ್ಟಲಿಲ್ಲ, ಇದ್ದದ್ದೇ ಹಿಂತಿರುಗಿತು. ಆ ವಾದದ ಮೇಲೆ ನಾನು ನೂರು ಪುಟ ಟಿಪ್ಪಣಿ ಮಾಡಿದ್ದೆ. ಬರೆಯುವಾಗ ಮಾತ್ರ ಕೈ ತಪ್ಪಿತ್ತು. ಗೊತ್ತಿಲ್ಲದ್ದನ್ನು ಅವರು ತೋರಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಗೊತ್ತಿದ್ದದ್ದನ್ನೇ ತೋರಿಸಿದರು.

ಆದರೂ ಮುಂದಿನ ಶನಿವಾರ ಸ್ಕೋಫೀಲ್ಡ್ಸ್‌ಗೆ ಹೋದೆ. ಅಜ್ಜಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಮೇಡಂ ಹಿಂದಿನಿಂದ ಬಂದ ಮೇಲೆ ಒಳಗೆ ಬಿಟ್ಟಳು. ಮೊಟ್ಟೆ ತುಂಬುವ ರಟ್ಟಿನ ಪೆಟ್ಟಿಗೆಯಲ್ಲಿ ಅವಳ ಅರ್ಜಿಗಳಿದ್ದವು. ಈ ದೇಶಕ್ಕೆ ನಿರಾಶ್ರಿತಳಾಗಿ ಬಂದಿಳಿದ ದಿನದಿಂದ ತುಂಬಿದ ಪ್ರತಿಯೊಂದರ ನಕಲನ್ನೂ ಇಟ್ಟಿದ್ದಳು. ಮೇಡಂ ಅವುಗಳಲ್ಲಿ ಮೂರನ್ನು ಆರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದರಲ್ಲಿ ರಾಷ್ಟ್ರೀಯತೆ 'ಎಸ್ಟೋನಿಯನ್' ಎಂದು ಅಜ್ಜಿ ಬರೆದದ್ದನ್ನು ಯಾರೋ ಗುಮಾಸ್ತ ಹೊಡೆದುಹಾಕಿ 'ದೇಶವಿಲ್ಲದವಳು' ಎಂದು ಬರೆದಿದ್ದ. ಎರಡನೆಯದು ಎಪ್ಪತ್ತರ ದಶಕದ್ದು. ಸ್ವೀಡನ್‌ನಲ್ಲಿ ಕಾಯಿಲೆ ಬಿದ್ದಿದ್ದ ಅಕ್ಕನನ್ನು ನೋಡಲು ಹೋಗಬೇಕೆಂದು ಅಜ್ಜಿ ಪ್ರಯಾಣದ ಕಾಗದ ಕೇಳಿದ್ದಳು. ಅದರಲ್ಲಿ ಹುಟ್ಟಿದ ದೇಶ 'ಯುಎಸ್‌ಎಸ್‌ಆರ್' ಎಂದು ಟೈಪಾಗಿ ಬಂದಿತ್ತು. ಸಹಿಯ ಜಾಗ ಖಾಲಿ.

ಅದು ನನಗೆ ಗೊತ್ತಿದ್ದ ಇತಿಹಾಸವೇ. ಎಪ್ಪತ್ನಾಲ್ಕರಲ್ಲಿ ಇಲ್ಲಿನ ಸರ್ಕಾರ ಎಸ್ಟೋನಿಯಾ ಸೋವಿಯತ್ತಿನದೇ ಎಂದು ಒಪ್ಪಿಕೊಂಡಿತು. ಮುಂದಿನ ವರ್ಷದ ಕೊನೆಗೆ ಸರ್ಕಾರ ಬದಲಾಗಿ ಆ ಒಪ್ಪಿಗೆ ರದ್ದಾಯಿತು. ನನ್ನ ಅಧ್ಯಾಯದಲ್ಲಿ ಅದಕ್ಕೆ ಒಂದು ಅಡಿಟಿಪ್ಪಣಿ ಕೊಟ್ಟಿದ್ದೆ. ಅಜ್ಜಿ ಆ ಅಡಿಟಿಪ್ಪಣಿಯೊಳಗೆ ಸಿಕ್ಕಿಹಾಕಿಕೊಂಡಿದ್ದಳು. ಯುಎಸ್‌ಎಸ್‌ಆರ್ ಎಂದಿರುವ ಕಾಗದಕ್ಕೆ ಸಹಿ ಹಾಕಲಾರೆ ಎಂದು ಕೂತಳು. ಮೂರನೆಯ ಅರ್ಜಿಯಲ್ಲಿ ಮತ್ತೆ 'ಎಸ್ಟೋನಿಯಾ' ಎಂದು ಬಂದು ಅವಳು ಸಹಿ ಹಾಕುವಷ್ಟರಲ್ಲಿ ಅಕ್ಕ ಇರಲಿಲ್ಲ. ಇದನ್ನು ಹೇಳುವಾಗ ಅಜ್ಜಿ ನನ್ನ ಕಡೆ ನೋಡಲಿಲ್ಲ, ಮೇಡಂ ಕೈಯನ್ನು ಹಿಡಿದುಕೊಂಡೇ ಹೇಳಿದಳು. ನನ್ನ ಕಣ್ಣೂ ತುಂಬಿತು. ಆದರೆ ಆ ಕೈಯನ್ನೂ ನೋಡಿದೆ, ಅದು ನನ್ನ ಕೈ ಆಗಿರಬೇಕಿತ್ತು ಎಂದೂ ಅನ್ನಿಸಿತು.

ಹೊರಗೆ ಬಂದ ಮೇಲೆ ಬೇಲಿಯ ಹತ್ತಿರ ನಿಂತು ಮೇಡಂ ಹೇಳಿದರು. "ಡಾಕ್ಟರ್ ಸಾಹೇಬ್ರ, ನೀವು ಮಂತ್ರಿಗಳ ಸಹಿ ನೋಡಾಕತ್ತೀರಿ. ಸಣ್ಣ ದೇಶದ ಕಥಿ ಅಲ್ಲಿಲ್ರಿ. ಈ ಕಾಲಮ್ಮಿನಾಗ ಐತಿ. ಹಿಂಥಾ ಅಜ್ಜಿಗೋಳು ಎಷ್ಟ್ ಮಂದಿ ಅದಾರ, ಅವರ ಅರ್ಜಿ ಎಲ್ಲಾ ಕೂಡಸ್ರಿ. ಯಾವ ವರ್ಷ ಯಾವ ಕಾಲಮ್ಮಿನಾಗ ಏನ್ ಬರದಿದ್ರು, ಯಾರು ಸಹಿ ಮಾಡಿದ್ರು, ಯಾರು ಒಲ್ಲೆ ಅಂದ್ರು. ಅದ ನಿಮ್ಮ ಇತಿಹಾಸ."

ನಾನು 'ಹಾಂ, ನೋಡೋಣ' ಎಂದೆ. ಇಂಥ ಒಂದು ಮಾತು ನನ್ನ ಬಾಯಿಂದ ಬರಲಿ ಎಂದು ನಾನು ಎರಡು ವರ್ಷ ಲೈಬ್ರರಿಯಲ್ಲಿ ಕೂತಿದ್ದೆ. ಅದು ಬಿಕಾಂ ಓದಿದವರ ಬಾಯಿಂದ, ಕೈಯಲ್ಲಿ ಗೊಬ್ಬರದ ಬಕೆಟ್ ಹಿಡಿದುಕೊಂಡಿದ್ದಾಗ ಬಂತು.

ಕೂಡಿಸಿದ್ದೂ ಅವರೇ. ಅಜ್ಜಿ ಒಬ್ಬೊಬ್ಬರಿಗೆ ಫೋನ್ ಮಾಡಿ ಹೇಳಿದಳು, ಮೇಡಂ ವಾರಾಂತ್ಯಗಳಲ್ಲಿ ಅವರ ಮನೆಗಳಿಗೆ ಹೋದರು. ನಾನು ಜೊತೆಗೆ ಹೋದಾಗಲೆಲ್ಲ ಕಾಫಿ ಬರುತ್ತಿತ್ತು, ಕಾಗದ ಬರುತ್ತಿರಲಿಲ್ಲ. ಅವರೊಬ್ಬರೇ ಹೋದರೆ ಕಪಾಟಿನ ಬಾಗಿಲು ತೆರೆಯುತ್ತಿತ್ತು. ಕೊನೆಗೆ ನಾನು ಹೋಗುವುದನ್ನೇ ಬಿಟ್ಟೆ. ಎಂಟು ತಿಂಗಳ ನಂತರ ಒಂದು ದಪ್ಪ ರಿಜಿಸ್ಟರನ್ನು ನನ್ನ ಮೇಜಿನ ಮೇಲಿಟ್ಟರು. ತಾಲ್ಲೂಕು ಕಚೇರಿಯ ಶಿಸ್ತಿನಲ್ಲಿ ಗೆರೆ ಎಳೆದು, ವರ್ಷವಾರು, ಹೆಸರುವಾರು, ಪ್ರತಿ ಅರ್ಜಿಯ ಮುಂದೆ ಅದರ ಕಥೆಯನ್ನು ಎರಡು ಸಾಲಿನಲ್ಲಿ ಬರೆದಿದ್ದರು.

"ತಗೋರಿ. ನಂಗೇನ್ ಮಾಡೂದೈತಿ ಇದನ್ನ ಇಟ್ಕೊಂಡು. ಒಂದ ಮಾತು ಕೇಳ್ಲೇನ್ರಿ?"

"ಹೇಳಿ ಮೇಡಂ."

"ಇದು ಪುಸ್ತಕ ಆದಮ್ಯಾಲ ಒಂದ್ ಕಡೆ ನನ್ನ ಹೆಸರು ಹಾಕ್ತೀರೇನ್ರಿ? ಸಣ್ಣಾಗಿ ಹಾಕಿದ್ರೂ ಆತು. ನನ್ನ ಮಗಳಿಗೆ ಅವ್ವ ಆಫೀಸಿನಾಗ ಬರೇ ಝೆರಾಕ್ಸ್ ತಗೀತಾಳಂತ ಅನಿಸೇತಿ. ಆಕಿಗೆ ತೋರಸ್ಬೇಕು."

"ಖಂಡಿತ ಮೇಡಂ, ಅದೇನು ದೊಡ್ಡ ಮಾತು" ಎಂದೆ. ಹೇಳುವಾಗ ಹಾಕಬೇಕೆಂದೇ ಇದ್ದೆ.

ಆ ರಿಜಿಸ್ಟರಿನಿಂದ ನಾಲ್ಕನೆಯ ಅಧ್ಯಾಯ ಒಂದೇ ತಿಂಗಳಲ್ಲಿ ಎದ್ದು ನಿಂತಿತು. ನನ್ನ ಕೆಲಸ ಇಂಗ್ಲಿಷು, ಅಡಿಟಿಪ್ಪಣಿ. ಗೈಡ್ ಓದಿ, ಮೊಟ್ಟಮೊದಲ ಬಾರಿಗೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಕೊನೆಗೂ ನೀನು ಇತಿಹಾಸಕಾರನಾದೆ" ಎಂದರು. ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೂ ತೆರೆದೆ. ಬಂದದ್ದು 'ಥ್ಯಾಂಕ್ಯೂ'.

ಎರಡು ಸಾವಿರದ ಆರರಲ್ಲಿ ಮೆಲ್ಬರ್ನ್‌ನಲ್ಲಿ ಒಂದು ವಿಚಾರ ಸಂಕಿರಣ. ನಾಲ್ಕನೆಯ ಅಧ್ಯಾಯವನ್ನು ನಾನು ಅಲ್ಲಿ ಓದಬೇಕು. ನಮ್ಮ ವಿಭಾಗವೇ ನಡೆಸುತ್ತಿದ್ದುದರಿಂದ ಮೇಡಂ ಕೂಡ ಬಂದು, ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಹೆಸರು ಬರೆದುಕೊಳ್ಳುತ್ತಿದ್ದರು. ನಾನು ಹೊಸ ಸೂಟು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದೆ. ಮೆಲ್ಬರ್ನ್‌ನ ಎಸ್ಟೋನಿಯನ್ ಮುದುಕ ಮುದುಕಿಯರು ಏಳೆಂಟು ಜನ ಬಂದರು. ನನ್ನ ಮುಂದೆಯೇ ಹಾದು ನೇರವಾಗಿ ಅವರ ಮೇಜಿಗೆ ಹೋದರು. ಸಿಡ್ನಿಯ ಅಜ್ಜಿ ಎಲ್ಲರಿಗೂ ಕಾಗದ ಬರೆದಿದ್ದಳಂತೆ. ಒಬ್ಬಳು ಮನೆಯಲ್ಲಿ ಮಾಡಿದ ಕಪ್ಪು ಬ್ರೆಡ್ಡು ತಂದಿದ್ದಳು, ಇನ್ನೊಬ್ಬ ತನ್ನ ಹಳೇ ಅರ್ಜಿಯನ್ನು ಕೋಟಿನ ಜೇಬಿನಿಂದ ತೆ​ಗೆದು ಅವರ ಮುಂದೆ ಹರಡಿದ. ಅವರು ಅಲ್ಲೇ ಅಡಿಪಟ್ಟಿ ಇಟ್ಟು ಕೆಳಗಿನಿಂದ ಓದತೊಡಗಿದರು. ಮುದುಕರೆಲ್ಲ ಸುತ್ತ ಬಗ್ಗಿ ನಿಂತರು. ಗೈಡ್ ಬಂದು ನನಗೆ ಕೈಕುಲುಕುತ್ತಾರೆಂದುಕೊಂಡರೆ, ಅವರೂ ಹೋಗಿ ಅಲ್ಲೇ ನಿಂತರು.

ನನ್ನ ಸೂಟಿನ ಕಡೆ ನೋಡಿದವರು ಕಾಫಿ ಕೊಡುವ ಹುಡುಗಿಯೊಬ್ಬಳೇ.

ಪ್ರಬಂಧ ಓದಿ ಮುಗಿಸಿದಾಗ ಚಪ್ಪಾಳೆ ಜೋರಾಗಿಯೇ ಬಿತ್ತು. ಮುಂದಿನ ಸಾಲಿನಿಂದ ಒಬ್ಬ ದೊಡ್ಡ ಪ್ರೊಫೆಸರು ಎದ್ದು, ರಾಯಭಾರಿಗಳನ್ನು ಬಿಟ್ಟು ಅರ್ಜಿಗಳನ್ನು ಹುಡುಕಬೇಕೆಂದು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಮೇಡಂ ಬಾಗಿಲ ಹತ್ತಿರ, ಮಡಿಲಲ್ಲಿ ಬ್ರೆಡ್ಡಿನ ಪೊಟ್ಟಣ ಇಟ್ಟುಕೊಂಡು ಕೂತಿದ್ದರು. ನನ್ನ ಕಡೆಗೇ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಅವರ ಹೆಸರು ಹೇಳಿದ್ದರೆ ಎಲ್ಲರೂ ಹಿಂದಕ್ಕೆ ತಿರುಗುತ್ತಿದ್ದರು. ಅದೊಂದನ್ನು ನೆನೆದೇ ನನಗೆ ಸಂಕಟವಾಯಿತು. ಬೆಳಗಿನಿಂದ ಎಲ್ಲರೂ ಅವರ ಕಡೆ ತಿರುಗಿದ್ದು ಸಾಕು ಎಂದುಕೊಂಡೆ.

"ಸ್ವಲ್ಪ ಅದೃಷ್ಟ, ಸ್ವಲ್ಪ ತಾಳ್ಮೆ" ಎಂದೆ. ಜನ ನಕ್ಕರು. ಮೇಡಂ ಚಪ್ಪಾಳೆ ತಟ್ಟಿದರು. ಆಮೇಲೆ ಸಿಕ್ಕಾಗ, "ಭಾರಿ ಹೇಳಿದ್ರಿ ಡಾಕ್ಟರ್ ಸಾಹೇಬ್ರ" ಎಂದು ಬ್ರೆಡ್ಡಿನಲ್ಲಿ ಅರ್ಧ ಮುರಿದುಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮನೆಗೆ ಬಂದು ಕೃತಜ್ಞತೆಯ ಪುಟ ಬರೆಯಲು ಕೂತೆ. ಗೈಡ್, ಲೈಬ್ರರಿಯವರು, ಅಪ್ಪ ಅಮ್ಮ, ಹೆಂಡತಿ, ಮೈಸೂರಿನ ಮೇಷ್ಟ್ರು, ಫ್ಲ್ಯಾಟಿನ ಗೆಳೆಯರು. ದಾವಣಗೆರೆಯ ಹುಡುಗನ ಹೆಸರೂ ಹಾಕಿದೆ. ಅವರ ಹೆಸರು ಬರೆದೆ, ಅಳಿಸಿದೆ. ಸಹಾಯಕ್ಕಾಗಿ ಎಂದು ಬರೆದರೆ ಸುಳ್ಳು, ನಿಜ ಬರೆದರೆ ನನ್ನದೇನು ಉಳಿಯಿತು? ಕೊನೆಗೆ 'ವಿಭಾಗದ ಕಚೇರಿಯ ಸಿಬ್ಬಂದಿಗೆ' ಎಂದು ಒಂದು ಸಾಲು ಹಾಕಿ ಕೈತೊಳೆದುಕೊಂಡೆ. ಹೆಂಡತಿ ಓದಿ, "ಅವರ ಹೆಸರು ಬಿಟ್ಟಿದೀರಲ್ಲ?" ಎಂದಳು. ಸಿಬ್ಬಂದಿ ಎಂದಿದ್ದೇನಲ್ಲ ಎಂದೆ. "ನಿಮಗೆ ಹೊಟ್ಟೆಕಿಚ್ಚು ರೀ" ಎಂದು ಅಡುಗೆಮನೆಗೆ ಹೋದಳು.

ಪ್ರಬಂಧ ಸಲ್ಲಿಸುವ ದಿನ ಕಚೇರಿಯಲ್ಲಿದ್ದವರು ಅವರೇ. ಬೈಂಡ್ ಮಾಡಿಸಿದ ಪ್ರತಿಯ ಪುಟಗಳ ಸಂಖ್ಯೆ ಸರಿಯಾಗಿದೆಯೇ ಎಂದು ನೋಡುವುದು ಅವರ ಕೆಲಸ. ಒಂದೊಂದೇ ಹಾಳೆ ಮಗುಚಿದರು. ಕೃತಜ್ಞತೆಯ ಪುಟದಲ್ಲಿ ಪಟ್ಟಿ ಕೆಳಗಿನಿಂದ ಮೇಲಕ್ಕೆ ಒಂದು ಸಲ ಹೋಯಿತು, ಮತ್ತೆ ಕೆಳಕ್ಕೆ ಬಂತು. ನಾನು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದೆ. ಆಮೇಲೆ ಸಲ್ಲಿಕೆಯ ಫಾರ್ಮು ತೆಗೆದು, ಕೊನೆಯ ಸಾಲಿನ ಕೆಳಗೆ ಪಟ್ಟಿ ಇಟ್ಟರು. ಇದು ನನ್ನದೇ ಕೆಲಸ, ಬೇರೆಯವರಿಂದ ಪಡೆದದ್ದನ್ನೆಲ್ಲ ಆಯಾ ಜಾಗದಲ್ಲಿ ಸೂಚಿಸಿದ್ದೇನೆ ಎಂಬ ಘೋಷಣೆ.

"ಓದಿ ಸಹಿ ಮಾಡ್ರಿ" ಎಂದರು.

ಪೆನ್ನು ಹಿಡಿದೆ. ಅಜ್ಜಿ ಮೂವತ್ತು ವರ್ಷದ ಹಿಂದೆ ಅಕ್ಕನ ಮುಖ ನೋಡುವುದು ತಪ್ಪಿದರೂ ಸುಳ್ಳು ಕಾಗದಕ್ಕೆ ಸಹಿ ಹಾಕಿರಲಿಲ್ಲ. ಆ ಕಥೆಯನ್ನು ಹದಿನಾಲ್ಕು ಪುಟ ಬರೆದಿದ್ದವನು ನಾನೇ. ಸಹಿ ಹಾಕಿದೆ.

ಅವರು ಸಹಿ ನೋಡಿದರು, ತಾರೀಖು ನೋಡಿದರು, ಮುದ್ರೆ ಒತ್ತಿದರು. "ಎಲ್ಲಾ ಬರೋಬರಿ ಐತ್ರಿ" ಎಂದರು.

ಮರುವರ್ಷ ಅವರ ಗಂಡನಿಗೆ ಮೆಲ್ಬರ್ನ್‌ಗೆ ವರ್ಗವಾಗಿ, ವಿಂಡಮ್ ವೇಲ್‌ನಲ್ಲಿ ಹೊಸ ಮನೆ ಕಟ್ಟಿಸಿದರು. ಅದಾದ ವರ್ಷಕ್ಕೆ ನಾನೂ ಮೆಲ್ಬರ್ನ್‌ಗೇ ಬಂದೆ. ಎಸ್ಟೋನಿಯಾ ಓದಿದವನಿಗೆ ಯಾವ ಕಾಲೇಜೂ ಕೆಲಸ ಕೊಡದೆ, ಒಂದು ಕಚೇರಿಯಲ್ಲಿ ದಾಖಲೆಗಳ ವಿಭಾಗ ಸೇರಿದ್ದೆ. ಎರಡು ಮನೆಗಳ ನಡುವೆ ಕಾರಿನಲ್ಲಿ ಇಪ್ಪತ್ತು ನಿಮಿಷ. ರೊಟ್ಟಿ ಊಟಕ್ಕೆ ಬನ್ನಿ ಎಂದು ಅವರು ಮೂರು ಸಲ ಕರೆದರು, ಮೂರು ಸಲವೂ ಏನಾದರೊಂದು ನೆವ ಹೇಳಿದೆ. ಕನ್ನಡದವರ ಕಾರ್ಯಕ್ರಮದಲ್ಲಿ ದೂರದಿಂದ ಕಂಡರೆ ಪಾರ್ಕಿಂಗ್ ಕಡೆ ಹೋಗುತ್ತಿದ್ದೆ. ಅಲ್ಲೂ ಅವರ ಸುತ್ತ ಫಾರ್ಮು ಹಿಡಿದವರ ಗುಂಪೇ.

ಮೊನ್ನೆ ಹೋದದ್ದೇ ಆ ಮನೆಗೆ ನನ್ನ ಮೊದಲ ಭೇಟಿ. ಗಂಡ ಮೂಲೆಯಲ್ಲಿ ಮಂಕಾಗಿ ಕೂತಿದ್ದರು. ಹೆಂಡತಿ ಅವರ ಹತ್ತಿರ ಹೋದಳು. ನಾನು ವರಾಂಡದಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದಾಗ ಮಗಳು ಬಂದಳು. ಈಗ ಹದಿನೇಳು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. "ಅಂಕಲ್, ಕ್ಯಾನ್ ಐ ಆಸ್ಕ್ ಯೂ ಸಮ್‌ಥಿಂಗ್?" ಎಂದಳು.

ಶನಿವಾರ ಅಮ್ಮನ ನೆನಪಿಗೆ ಎಲ್ಲರೂ ಸೇರುತ್ತಿದ್ದಾರಂತೆ. ತಾನು ಏನಾದರೂ ಓದಬೇಕು ಎಂದಳು. "ನಿಮ್ಮ ಥೀಸಿಸ್‌ನಲ್ಲಿ ಅಮ್ಮನ ಬಗ್ಗೆ ಬರೆದಿರುವ ಪುಟ ಬೇಕು ಅಂಕಲ್. ಗೈಡ್ ಹೆಸರಿನ ಕೆಳಗೇ ಅವಳ ಹೆಸರು ಹಾಕಿದ್ದೀರಂತಲ್ಲ. ಗದಗಿನಲ್ಲಿ ಅಜ್ಜಿಗೆ, ಮಾವಂದಿರಿಗೆ, ಎಲ್ಲರಿಗೂ ಹೇಳಿದ್ದಳು. ನಾನು ತೋರಿಸು ಅಂದರೆ, ದೊಡ್ಡವಳಾದ ಮೇಲೆ ನೀನೇ ಲೈಬ್ರರಿಗೆ ಹೋಗಿ ನೋಡು ಅಂತಿದ್ದಳು. ಅವಳಿಗೆ ತುಂಬಾ ಪ್ರೌಡ್ ಇತ್ತು. ಒಂದ್ ಝೆರಾಕ್ಸ್ ಕಳಸ್ತೀರೇನ್ರಿ?" ಇಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿದಳು, ಕೊನೆಯ ಮಾತನ್ನು ಮಾತ್ರ ಅಮ್ಮನ ಹಾಗೆ ಕನ್ನಡದಲ್ಲಿ ಕೇಳಿದಳು.

"ಕಳಿಸ್ತೀನಿ ಪುಟ್ಟ" ಎಂದೆ.

ಒಬ್ಬರ ಅರ್ಜಿಯಲ್ಲೂ ಒಂದು ತಪ್ಪು ತಾರೀಖು ಸಹಿಸದವರು, ಮಗಳ ಹತ್ತಿರ ಈ ಒಂದು ಸುಳ್ಳು ಹೇಳಿದ್ದಾರೆ. ಆ ಪುಟವನ್ನು ಎರಡು ಸಲ ಪಟ್ಟಿ ಇಟ್ಟು ನೋಡಿದ ಮೇಲೆ ಹೇಳಿದ್ದಾರೆ. ನನ್ನ ಮಾನ ಉಳಿಸಲೋ, ತಮ್ಮದನ್ನು ಉಳಿಸಿಕೊಳ್ಳಲೋ, ಮಗಳ ಕಣ್ಣಿನಲ್ಲಿ ಬರೀ ಝೆರಾಕ್ಸ್ ತೆಗೆಯುವವರಾಗಿ ಉಳಿಯಬಾರದೆಂದೋ.

ಮನೆಗೆ ಬಂದು ಒಂದು ಹೊಸ ಪುಟ ಟೈಪ್ ಮಾಡಲು ಕೂತೆ. ಅದೇ ಅಕ್ಷರ, ಅದೇ ಅಳತೆ, ಮಗುವಿಗೆ ಗೊತ್ತಾಗುತ್ತಿರಲಿಲ್ಲ. ಗೈಡ್ ಹೆಸರಿನ ಕೆಳಗೆ ಅವರ ಹೆಸರು ಹಾಕಬೇಕಾದಾಗ ಕೈ ನಿಂತಿತು. ಅಷ್ಟು ಮೇಲೆ ಬೇಕಾ, ಲೈಬ್ರರಿಯವರ ನಂತರ ಸಾಲದೇ ಎಂದು ಯೋಚಿಸುತ್ತಿದ್ದೆ. ಸತ್ತವರ ಮೇಲೂ ಕಿಚ್ಚು ಪಡುತ್ತಿದ್ದೇನೆಂದು ಆಗ ತಿಳಿದು, ಟೈಪ್ ಮಾಡಿದಷ್ಟನ್ನೂ ಅಳಿಸಿಹಾಕಿದೆ. ಸುಳ್ಳು ಪುಟ ಬೇಡ, ನಡೆದದ್ದನ್ನೇ ಬರೆದು ಆ ಹುಡುಗಿಗೆ ಕಳಿಸುತ್ತೇನೆ, ಅವಳು ನನ್ನನ್ನು ಏನು ಬೇಕಾದರೂ ಅಂದುಕೊಳ್ಳಲಿ ಎಂದು ನಿರ್ಧರಿಸಿದೆ. ಎರಡು ದಿನ ಕೂತು ಇದನ್ನು ಬರೆದೆ. ಏನನ್ನೂ ಮುಚ್ಚಿಡಲಿಲ್ಲ ಎಂಬ ಸಮಾಧಾನದಲ್ಲಿ ಹೆಂಡತಿಗೆ ಓದಲು ಕೊಟ್ಟೆ.

ಅವಳು ಎಲ್ಲೂ ನಿಲ್ಲಿಸದೆ ಕೊನೆಯವರೆಗೂ ಓದಿದಳು. ಮೊದಲಿನಿಂದ ಇನ್ನೊಮ್ಮೆ ಹಾಳೆ ತಿರುವಿ ಹಾಕಿದಳು. ಆಮೇಲೆ ಎಲ್ಲವನ್ನೂ ಜೋಡಿಸಿ ನನ್ನ ಕೈಗೆ ಕೊಟ್ಟು ಕೇಳಿದಳು:

"ಎಲ್ಲಾ ಸರಿ ರೀ. ಇದರಲ್ಲಾದರೂ ಅವರ ಹೆಸರು ಎಲ್ಲಿದೆ?"